ಡಾಕ್ಟರ್ ಹಾರ್ಮೋನ್ ಜೆಲ್ ಬರೆದುಕೊಟ್ಟು ಒಂಬತ್ತು ದಿನ ಆಯ್ತು, ಡಬ್ಬ ಇನ್ನೂ ಕಪಾಟಿನಲ್ಲೇ ಉಂಟು

ಮಲ್ಲಿಗೆಗಿಡ:

ನಮಸ್ಕಾರ. ನಂಗೆ 49. ಮನೆ ಶಂಕರಪುರದ ಹತ್ತಿರ, ಅಂಗಳದಾಚೆ ಅರುವತ್ತು ಮಲ್ಲಿಗೆ ಗಿಡ ಉಂಟು. ಮುಟ್ಟು ನಿಂತು ಹದಿನಾಲ್ಕು ತಿಂಗಳಾಯ್ತು. ನಿಂತದ್ದಕ್ಕೆ ಬೇಜಾರಿಲ್ಲ. ಮದುವೆ, ಪೂಜೆ, ಕೋಲ ಅಂತ ಬಂದಾಗೆಲ್ಲ ಕ್ಯಾಲೆಂಡರ್ ಮುಂದೆ ನಿಂತು ಬೆರಳು ಮಡಚುವ ಕೆಲಸ ತಪ್ಪಿತು ಅಂತ ಖುಷಿಯೇ ಆಗಿತ್ತು. ಅದರ ಬೆನ್ನಿಗೆ ಬಂದದ್ದು ಉಂಟಲ್ಲ, ಅದೇ ಎಂಥ ಸಾವು ಮಾರಾಯ್ರೆ.

ಸೆಕೆ ನಮಗೆ ಹೊಸತಲ್ಲ. ಏಪ್ರಿಲ್, ಮೇಯಲ್ಲಿ ಫ್ಯಾನಿನ ಅಡಿ ಕೂತ್ರೂ ಬೆವರು ಇಳೀತದೆ. ಆದ್ರೆ ಇದು ಆ ಸೆಕೆ ಅಲ್ಲ. ಸೆಕೆ ಆದ್ರೆ ಮನೆಯವರಿಗೆಲ್ಲ ಆಗ್ಬೇಕಲ್ಲ? ಇದು ನನ್ನೊಬ್ಬಳಿಗೆ. ಎದೆಯ ನಡುವಿನಿಂದ ಹೊರಟು ಕುತ್ತಿಗೆ, ಕಿವಿ, ಮಂಡೆ ಅಂತ ಏರ್ತದೆ, ಯಾರೋ ಒಳಗೆ ಕೂತು ಒಲೆ ಊದಿದ ಹಾಗೆ. ಎರಡು ಮೂರು ನಿಮಿಷ. ಮತ್ತೆ ರವಿಕೆ ಒದ್ದೆ, ಅದರ ಹಿಂದೆಯೇ ಚಳಿ. ಚಿಂತೆಗೆ ನಾವು ಮಂಡೆ ಬಿಸಿ ಅಂತ ಹೇಳುದು. ನಂದು ಈಗ ನಿಜವಾದ ಮಂಡೆ ಬಿಸಿ.

ರಾತ್ರಿ ಒಂದಕ್ಕೊಮ್ಮೆ, ಮೂರಕ್ಕೊಮ್ಮೆ, ನಾಲ್ಕೂವರೆಗೊಮ್ಮೆ ಎಚ್ಚರ. ಎರಡು ನೈಟಿ ಮಂಚದ ಬದಿಯಲ್ಲೇ ಮಡಚಿ ಇಟ್ಕೊಂಡಿದ್ದೇನೆ, ದೀಪ ಹಾಕದೆ ಬದಲಿಸ್ಲಿಕ್ಕೆ. ಐದಕ್ಕೆ ಏಳಲೇಬೇಕು. ಮೊಗ್ಗು ನನ್ನ ನಿದ್ದೆಗೆ ಕಾಯುದಿಲ್ಲ.

ಬೆವರನ್ನಾದ್ರೂ ತಡೆದುಕೊಂಡೇನು. ನನ್ನನ್ನು ಹೆದರಿಸಿದ್ದು ಎಣಿಕೆ. ಹೂ ಕಟ್ಟುವವರಿಗೆ ಗೊತ್ತುಂಟು, 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮದುವೆಯಾಗಿ ಬಂದಾಗಿನಿಂದ ಕಟ್ಟಿದ್ದೇನೆ. ಬಾಯಲ್ಲಿ ಊರಿನ ಸುದ್ದಿ, ಬೆರಳಲ್ಲಿ ಬಾಳೆನಾರು, ಲೆಕ್ಕ ಅದರಷ್ಟಕ್ಕೆ ಓಡ್ತಿತ್ತು. ಈಗ ಮುನ್ನೂರ ನಲವತ್ತಾ, ನಾನೂರ ಮೂವತ್ತಾ ಅಂತ ಕೈ ನಿಂತು ಹೋಗ್ತದೆ. ಕಳೆದ ತಿಂಗಳು, ಅದೂ ಮದುವೆ ಸೀಸನ್ನಿನಲ್ಲಿ, ನನ್ನ ಚೆಂಡಿನಲ್ಲಿ ಹೂ ಕಮ್ಮಿ ಉಂಟು ಅಂತ ಹೂ ಕೊಳ್ಳುವ ಕಟ್ಟೆಯಿಂದ ಹೇಳಿ ಕಳಿಸಿದರು. ಇಷ್ಟು ವರ್ಷದಲ್ಲಿ ಮೊದಲ ಸಲ. ಅತ್ತೆ ಜಗಲಿಯಲ್ಲಿ ಕೂತು ನಾರು ಬಿಚ್ಚಿ ಒಂದೊಂದೇ ಎಣಿಸಿದರು. 712. ಅಟ್ಟೆಯ ಲೆಕ್ಕ ತಪ್ಪಿದ್ದನ್ನು ಅತ್ತೆ ಎಣಿಸಿ ತೋರಿಸಿದ ಮೇಲೆ ನಾನು ಬಚ್ಚಲಿಗೆ ಹೋಗಿ ಅತ್ತೆ. (ಪದ್ಯ ಬರೀಲಿಕ್ಕೆ ಹೊರಟದ್ದಲ್ಲ, ನಡೆದದ್ದೇ ಹಾಗೆ.)

ಉಡುಪಿಯಲ್ಲಿ ಲೇಡಿ ಡಾಕ್ಟರಿಗೆ ತೋರಿಸಿದೆ. ಬಿಪಿ, ಶುಗರ್, ಥೈರಾಯ್ಡ್, ಹೊಟ್ಟೆಯ ಸ್ಕ್ಯಾನ್, ಎದೆಯ ಮ್ಯಾಮೋಗ್ರಾಂ ಎಲ್ಲ ಮಾಡಿಸಿದರು, ಎಲ್ಲ ಸರಿ ಉಂಟು. ದಿನಾ ತೋಳಿಗೆ ಹಚ್ಚಲಿಕ್ಕೆ ಎಸ್ಟ್ರಡಯೋಲ್ ಜೆಲ್, ರಾತ್ರಿಗೆ ಪ್ರೊಜೆಸ್ಟರಾನ್ 100 ಮಿ.ಗ್ರಾಂ ಕ್ಯಾಪ್ಸೂಲ್. ಮೂರು ತಿಂಗಳು ಬಿಟ್ಟು ಬನ್ನಿ ಅಂದರು. ಹೊರಗೆ ಮೂವತ್ತು ಜನ ಕಾಯ್ತಿದ್ದರು, ನಾನೂ ಹೆಚ್ಚು ಕೇಳ್ಲಿಲ್ಲ.

ಮೆಡಿಕಲ್‌ನ ಹುಡುಗ ಡಬ್ಬ ತಿರುಗಿಸಿ ನೋಡಿ, "ಅಕ್ಕ, ಇದನ್ನು ತುಂಬ ದಿನ ತಗೊಳ್ಬೇಡಿ, ಕ್ಯಾನ್ಸರ್ ಬರ್ತದೆ" ಅಂದ. ಡೋಲೋ ಕೊಡುವಾಗ ಹೇಳುವ ಸ್ವರದಲ್ಲೇ. ಮನೆಗೆ ಬಂದು ಒಳಗಿನ ಕಾಗದ ಬಿಡಿಸಿದೆ. ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಎಲ್ಲ ಉಂಟು ಅದರಲ್ಲಿ. ನನ್ನ ಗಂಡನ ಚಿಕ್ಕಮ್ಮ ತೀರಿಕೊಂಡದ್ದು ಸ್ತನ ಕ್ಯಾನ್ಸರಿನಿಂದಲೇ. "ಗೊತ್ತಿದ್ದೂ ಗೊತ್ತಿದ್ದೂ ಬೇಕಾ" ಅಂತ ಅತ್ತೆ. ಗಂಡ "ನಿಂಗೆ ಸರಿ ಕಂಡದ್ದು ಮಾಡು" ಅಂತಾರೆ. ಗೋಡೆಗೆ ಯಾವ ಪೇಂಟ್ ಅಂತ ಕೇಳಿದಾಗಲೂ ಅವರು ಹೇಳಿದ್ದು ಅದನ್ನೇ.

ತಗೊಂಡವರು ಯಾರಾದ್ರೂ ಇದ್ದೀರಾ? ಕ್ಯಾನ್ಸರ್ ವಿಷಯ ಎಷ್ಟು ನಿಜ? ಎರಡೆರಡು ಮದ್ದು ಎಂತಕ್ಕೆ? ಒಮ್ಮೆ ಶುರು ಮಾಡಿದ್ರೆ ಬಿಡ್ಲಿಕ್ಕೆ ಆಗುದಿಲ್ವಾ? ಮೈ ಉಷ್ಣ ಆಗಿದೆ, ತಂಪು ಮಾಡಿ ಅಂತ ಮಾತ್ರ ಯಾರೂ ಬರೀಬೇಡಿ. ಎಳನೀರು, ಪುನರ್ಪುಳಿ, ತಿಮರೆ ತಂಬುಳಿ ಎಲ್ಲ ಮುಗಿಸಿಯೇ ನಾನು ಇಲ್ಲಿಗೆ ಬಂದದ್ದು.

ಹಸಿರುಮನೆ:

ಅಕ್ಕ, ಇದು ಪಿತ್ತದ ಉಷ್ಣ. ಕೊತ್ತಂಬರಿ, ಜೀರಿಗೆ ರಾತ್ರಿ ನೆನೆಹಾಕಿ ಬೆಳಿಗ್ಗೆ ಕುಡಿಯಿರಿ. ಇಂಗ್ಲಿಷ್ ಮದ್ದು ಬೇಡವೇ ಬೇಡ.

ಮಲ್ಲಿಗೆಗಿಡ:

ಕೊನೆಯ ಎರಡು ಸಾಲು ಇನ್ನೊಮ್ಮೆ ಓದಿ ಮಾರಾಯ್ರೆ.

ಬಿಜೈ ಟೀಚರ್:

ನಾನು ತಗೊಂಡವಳು. 52ಕ್ಕೆ ಶುರು, 57ಕ್ಕೆ ನಿಲ್ಲಿಸಿದೆ. ಮಂಗಳೂರಿನಲ್ಲಿ ಹೈಸ್ಕೂಲಿಗೆ ಗಣಿತ ಹೇಳಿಕೊಡ್ತಿದ್ದೆ. ಬೋರ್ಡಿನಲ್ಲಿ ವರ್ಗಸಮೀಕರಣ ಅರ್ಧ ಬಿಡಿಸಿ ಮುಂದಿನ ಹೆಜ್ಜೆ ಗೊತ್ತಾಗದೆ ನಿಂತದ್ದುಂಟು. ಹಿಂದಿನ ಬೆಂಚಿನವ ಹೇಳಿಕೊಟ್ಟ. ಹಾಗಾಗಿ ನಿಮ್ಮ 712 ನಂಗೆ ಅರ್ಥ ಆಗ್ತದೆ. ನಿದ್ದೆ ಇಲ್ಲದಿದ್ರೆ ಯಾರ ಲೆಕ್ಕವೂ ತಪ್ಪುತ್ತದೆ, ಮೊದಲು ಅದನ್ನು ಮಂಡೆಯಿಂದ ತೆಗೀರಿ.

ನಾನು ಕಲಿತ ಕೆಲವು ವಿಷಯ ಹೇಳ್ತೇನೆ. ಜೆಲ್ ಸ್ನಾನ ಆದ ಮೇಲೆ, ಮೈ ಪೂರ್ತಿ ಒರೆಸಿ ಹಚ್ಚಿ. ತೋಳಿಗೆ ಇಲ್ಲ ತೊಡೆಗೆ, ಎದೆಗೆ ಹಚ್ಚಬಾರದು. ತಿಕ್ಕುದು ಬೇಡ, ತೆಳ್ಳಗೆ ಹರಡಿ ಆರ್ಲಿಕ್ಕೆ ಬಿಡಿ. ನಮ್ಮ ಊರಿನ ಹವೆಗೆ ಐದು ನಿಮಿಷ ಸಾಕಾಗುದಿಲ್ಲ, ನಾನು ಬಾಗಿಲು ಹಾಕಿ ಫ್ಯಾನಿನ ಎದುರು ತೋಳು ಚಾಚಿ ಗರುಡನ ಹಾಗೆ ನಿಲ್ತಿದ್ದೆ. ಕೈ ಸಾಬೂನು ಹಾಕಿ ತೊಳೀಬೇಕು. ಹಚ್ಚಿದ ತೋಳಿನಲ್ಲಿ ಕೂಡ್ಲೇ ಮಕ್ಕಳನ್ನು ಎತ್ಕೊಳ್ಬಾರದು, ಮದ್ದು ಅವರ ಚರ್ಮಕ್ಕೂ ತಾಗ್ತದೆ. ಕ್ಯಾಪ್ಸೂಲ್ ಹಾಸಿಗೆ ಹಾಸಿದ ಮೇಲೆಯೇ ನುಂಗಿ, ಅದು ನಿದ್ದೆ ಬರಿಸ್ತದೆ. ನಾನೊಮ್ಮೆ ಊಟದ ಕೂಡ್ಲೇ ನುಂಗಿ ಟಿವಿ ಮುಂದೆ ಕೂತು ಅಲ್ಲೇ ವಾಲಿದ್ದೆ. ನೀವು ಐದಕ್ಕೆ ಏಳುವವರು, ಒಂಬತ್ತೂವರೆಗೆ ನುಂಗಿ ಮಲಗಿ.

ಮೊದಲ ವಾರ ಏನೂ ಆಗದಿದ್ರೆ ಬಿಸಾಡ್ಬೇಡಿ. ನಂಗೆ ಗೊತ್ತಾಗಿದ್ದು ಮೂರನೇ ವಾರದಲ್ಲಿ. ಎರಡನೇ ತಿಂಗಳು ಸ್ವಲ್ಪ ರಕ್ತ ಕಂಡಿತು, ಮುಗೀತು ಕಥೆ ಅಂತ ಆಟೋ ಹಿಡಿದು ಓಡಿದೆ. ಶುರುವಿನ ತಿಂಗಳುಗಳಲ್ಲಿ ಹಾಗೆ ಆಗುದುಂಟು ಅಂತ ಡಾಕ್ಟರ್ ಹೇಳಿದರು. ಆದ್ರೆ ಆರು ತಿಂಗಳಾದ್ರೂ ನಿಲ್ಲದಿದ್ರೆ, ಇಲ್ಲ ಒಮ್ಮೆ ನಿಂತು ಮತ್ತೆ ಬಂದ್ರೆ, ಸುಮ್ಮನೆ ಕೂರ್ಬಾರದು. ಮದ್ದು ತಗೊಳ್ಳದವರಿಗೂ ಅಷ್ಟೇ, ಮುಟ್ಟು ನಿಂತು ವರ್ಷ ಆದ ಮೇಲೆ ಒಂದು ಹನಿ ಕಂಡ್ರೂ ತೋರಿಸ್ಬೇಕು.

ಬಿಡ್ಲಿಕ್ಕೆ ಆಗ್ತದಾ ಅಂದಿರಲ್ಲ, ಆಗ್ತದೆ. ನಾನು ಅಳತೆ ಕಮ್ಮಿ ಮಾಡ್ತಾ ಬಂದು ಬಿಟ್ಟೆ. ಎರಡು ತಿಂಗಳು ಬಿಸಿ ಮರಳಿ ಬಂತು, ಮೊದಲಿನಷ್ಟಲ್ಲ, ಮತ್ತೆ ಹೋಯ್ತು.

ರಾತ್ರಿಪಾಳಿ:

ಮಣಿಪಾಲದ ಕಡೆ ನರ್ಸ್ ಕೆಲಸ, ಡಾಕ್ಟರ್ ಅಲ್ಲ. ಡ್ಯೂಟಿ ಮುಗಿಸಿ ಬಂದು ಬರೀತಿದ್ದೇನೆ.

ಎರಡು ಮದ್ದು ಎಂತಕ್ಕೆ ಅಂದ್ರೆ, ಬಿಸಿ ಇಳಿಸುವ ಕೆಲಸ ಮಾಡುದು ಈಸ್ಟ್ರೋಜನ್, ನಿಮ್ಮ ಜೆಲ್ಲಿನಲ್ಲಿ ಇರುದು ಅದೇ. ಅದೊಂದನ್ನೇ ಕೊಟ್ಟರೆ ಗರ್ಭಕೋಶದ ಒಳಪದರ ದಪ್ಪ ಆಗ್ತಾ ಹೋಗ್ತದೆ, ವರ್ಷಗಟ್ಟಲೆ ಹಾಗೇ ಬಿಟ್ಟರೆ ಅಲ್ಲಿ ಕ್ಯಾನ್ಸರ್ ಬರಬಹುದು. ಪ್ರೊಜೆಸ್ಟರಾನ್ ಆ ಪದರವನ್ನು ಕಾಯುವ ಮದ್ದು. ಹಾಗಾಗಿ ಜೆಲ್ ಹಚ್ಚಿ ಕ್ಯಾಪ್ಸೂಲ್ ಬಿಡುವ ಹಾಗಿಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಓದ್ಕೊಳ್ಳಿ. "ಮಂಪರು ಬರ್ತದೆ" ಅಂತ ಕ್ಯಾಪ್ಸೂಲ್ ಮಾತ್ರ ಬಿಟ್ಟವರನ್ನು ಕಂಡಿದ್ದೇನೆ.

ಕ್ಯಾನ್ಸರಿನ ಹೆದರಿಕೆ ಹುಟ್ಟಿದ್ದು 2002ರ ಜುಲೈಯಲ್ಲಿ. ಅಮೆರಿಕದಲ್ಲಿ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಅಂತ ದೊಡ್ಡ ಅಧ್ಯಯನ, ಎರಡು ಹಾರ್ಮೋನ್ ಸೇರಿಸಿ ಕೊಟ್ಟ ಭಾಗದಲ್ಲೇ 16,608 ಹೆಂಗಸರು. ಅದನ್ನು ಅರ್ಧದಲ್ಲಿ ನಿಲ್ಲಿಸಿದರು. ಸ್ತನ ಕ್ಯಾನ್ಸರ್, ಹೃದಯದ ತೊಂದರೆ, ಪಾರ್ಶ್ವವಾಯು, ರಕ್ತದ ಹೆಪ್ಪು ಹೆಚ್ಚು ಕಂಡಿತು. ಎಷ್ಟು ಹೆಚ್ಚು ಅಂದ್ರೆ ಸ್ತನ ಕ್ಯಾನ್ಸರ್ 10,000 ಮಂದಿಯಲ್ಲಿ 30 ಇದ್ದದ್ದು 38. ಸೊಂಟದ ಮೂಳೆ ಮುರಿಯುದು ಕಮ್ಮಿ ಆಗಿತ್ತು, ಅದನ್ನು ಯಾರೂ ಹೇಳುದಿಲ್ಲ. ಮತ್ತೆ ಆ ಹೆಂಗಸರ ಸರಾಸರಿ ವಯಸ್ಸು 63. ಮುಟ್ಟು ನಿಂತು ಹತ್ತು ಹದಿನೈದು ವರ್ಷ ಆದವರೇ ತುಂಬ. ಕೊಟ್ಟದ್ದು ಗಬ್ಬದ ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೋಜನ್ ಮಾತ್ರೆ, ಜೊತೆಗೆ ಪ್ರೊಜೆಸ್ಟಿನ್, ಅಂದ್ರೆ ಪ್ರೊಜೆಸ್ಟರಾನಿನ ಹಾಗೆ ಕೆಲಸ ಮಾಡುವ ಬೇರೆಯೇ ಜಾತಿಯ ಕೃತಕ ಮದ್ದು. ನಿಮಗೆ ಬರೆದದ್ದು ಅದಲ್ಲ.

ಈಗ ನೋಡುದು ವಯಸ್ಸನ್ನು. 60ರ ಒಳಗೆ, ಇಲ್ಲ ಮುಟ್ಟು ನಿಂತ ಹತ್ತು ವರ್ಷದ ಒಳಗೆ ಶುರು ಮಾಡಿದವರಿಗೆ, ಬೇರೆ ಅಡ್ಡಿ ಇಲ್ಲದಿದ್ರೆ, ಹೆಚ್ಚಾಗಿ ನಷ್ಟಕ್ಕಿಂತ ಲಾಭ ಜಾಸ್ತಿ. ನುಂಗುವ ಈಸ್ಟ್ರೋಜನ್ ಮೊದಲು ಲಿವರಿಗೆ ಹೋಗಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಏರಿಸ್ತದೆ. ಚರ್ಮದಿಂದ ಹೋದದ್ದು ಆ ದಾರಿ ಹಿಡಿಯುದಿಲ್ಲ, ಅದಕ್ಕೇ ನಿಮ್ಮ ಡಾಕ್ಟರ್ ಜೆಲ್ ಬರೆದಿರಬೇಕು. ಅಮೆರಿಕದ ಎಫ್‌ಡಿಎ (ಮದ್ದುಗಳ ಮೇಲೆ ಕಣ್ಣಿಡುವ ಸರಕಾರಿ ಸಂಸ್ಥೆ) ಕೂಡ ಈ ಮದ್ದುಗಳ ಮೇಲೆ ಸ್ತನ ಕ್ಯಾನ್ಸರ್, ಹೃದಯದ ತೊಂದರೆ ಬಗ್ಗೆ ಇದ್ದ ಕಪ್ಪು ಚೌಕದ ಎಚ್ಚರಿಕೆ (ಅತಿ ಗಂಭೀರ ಎಚ್ಚರಿಕೆ) ತೆಗೆಸುದಾಗಿ 2025ರ ನವೆಂಬರಿನಲ್ಲಿ ಹೇಳಿದೆ. ಮೆಡಿಕಲ್ ಹುಡುಗನಿಗೆ ಇನ್ನೂ 2002.

ಗಂಡನ ಚಿಕ್ಕಮ್ಮನ ಬಗ್ಗೆ. ಪಾಪ, ಹೋದವರು ಹೋದರು. ಆದ್ರೆ ಅವರ ರಕ್ತ ನಿಮ್ಮಲ್ಲಿ ಇಲ್ಲವಲ್ಲ ಅಕ್ಕ? ಡಾಕ್ಟರಿಗೆ ಹೇಳ್ಬೇಕಾದ್ದು ನಿಮ್ಮ ಅಮ್ಮ, ಅಕ್ಕತಂಗಿ, ನಿಮ್ಮ ತಾಯಿಕಡೆ ತಂದೆಕಡೆ ಯಾರಿಗಾದ್ರೂ ಇತ್ತಾ ಅಂತ.

ಬಿಜೈ ಟೀಚರ್:

ನರ್ಸಮ್ಮ, ಒಂದು ತಿದ್ದುಪಡಿ. 10,000ಕ್ಕೆ 8 ಹೆಚ್ಚು ಅಂದದ್ದು ಒಂದು ವರ್ಷದ ಲೆಕ್ಕ ಅಲ್ವಾ? ಐದು ವರ್ಷ ತಗೊಂಡವರಿಗೆ ಅದನ್ನೇ ಹೇಳಿ ಸಮಾಧಾನ ಮಾಡಿದ್ರೆ ನಾನು ಮಾರ್ಕು ಕಳೀತೇನೆ.

ರಾತ್ರಿಪಾಳಿ:

ಒಪ್ಪಿದೆ ಟೀಚರೇ, ವರ್ಷಕ್ಕೆ. ಪೂರ್ತಿ ಹೇಳ್ಬೇಕಂದ್ರೆ 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಲೆಕ್ಕ ಇದಕ್ಕಿಂತ ಖಾರ ಉಂಟು. 50ಕ್ಕೆ ಶುರು ಮಾಡಿ ಎರಡೂ ಹಾರ್ಮೋನನ್ನು ದಿನಾ ಐದು ವರ್ಷ ತಗೊಂಡ 50 ಮಂದಿಯಲ್ಲಿ ಒಬ್ಬರಿಗೆ, ಮುಂದಿನ 20 ವರ್ಷದೊಳಗೆ, ತಗೊಳ್ಳದಿದ್ರೆ ಬಾರದಿದ್ದ ಸ್ತನ ಕ್ಯಾನ್ಸರ್. ಅದು ಪಾಶ್ಚಾತ್ಯ ದೇಶದವರ ಲೆಕ್ಕ, ಅಲ್ಲಿ ಈ ಕ್ಯಾನ್ಸರ್ ನಮ್ಮಲ್ಲಿಗಿಂತ ಮೊದಲೇ ಹೆಚ್ಚು. ಸೊನ್ನೆ ಅಂತ ನಾನು ಹೇಳುದಿಲ್ಲ. ವರ್ಷಕ್ಕೊಮ್ಮೆ ಡಾಕ್ಟರನ್ನು ಕಂಡು ಇನ್ನೂ ಬೇಕಾ ಅಂತ ಕೇಳುದು, ಹೇಳಿದ ಹಾಗೆ ಮ್ಯಾಮೋಗ್ರಾಂ ಮಾಡಿಸುದು ಅದಕ್ಕೇ.

ಕೋಡಿ ಕನ್ಯಾನದವಳು:

ಹ್ವಾಯ್, ಇಲ್ಕಾಣಿ, ನಂದೂ ಒಂದಿತ್ತ್.

ನಂಗೆ 41ಕ್ಕೆ ಗಡ್ಡೆ ಅಂತ ಗರ್ಭಕೋಶ ತೆಗೆದರು. "ಇನ್ನು ಎಂತಕ್ಕೆ, ಮಕ್ಕಳಾಯ್ತಲ್ಲ" ಅಂತ ಹಾರ್ಮೋನ್ ಹುಟ್ಟುವ ಎರಡು ಓವರಿಯನ್ನೂ (ಅಂಡಾಶಯ) ಜೊತೆಗೇ ತೆಗೆದರು. ಮೂರನೇ ದಿನಕ್ಕೇ ಬೆವರು ಶುರು. ನಿಮಗೆಲ್ಲ ಇಳಿಜಾರಿನಲ್ಲಿ ಇಳಿದ ಹಾಗೆ, ನಂಗೆ ಬಾವಿಗೆ ಬಿದ್ದ ಹಾಗೆ. ಅಷ್ಟು ಬೇಗ ಓವರಿ ಹೋದವರಿಗೆ ಮೂಳೆಗೂ ಹೃದಯಕ್ಕೂ ಕಷ್ಟ, ಬೇರೆ ಅಡ್ಡಿ ಇಲ್ಲದಿದ್ರೆ ಮುಟ್ಟು ನಿಲ್ಲುವ ವಯಸ್ಸಿನ ವರೆಗಾದ್ರೂ ಹಾರ್ಮೋನ್ ಕೊಡ್ಬೇಕು ಅಂತ ನಂಗೆ ಗೊತ್ತಾದದ್ದು ನಾಲ್ಕು ವರ್ಷ ಕಳೆದು, ಬೇರೆ ಡಾಕ್ಟರ್ ಹತ್ತಿರ. ಗರ್ಭಕೋಶ ಇಲ್ಲದ ಕಾರಣ ನಂಗೆ ಈಸ್ಟ್ರೋಜನ್ ಒಂದೇ ಸಾಕು. ಕ್ಯಾಪ್ಸೂಲ್ ಇಲ್ಲ.

ಇಲ್ಲಿ ಯಾರೂ ಬರೆಯದ್ದು ಒಂದುಂಟು, ನಾನೇ ಬರೀತೆ. ಕೆಳಗೆ ಒಣಗಿ ಉರಿ ಬರುದು. ಗಂಡನ ಹತ್ತಿರ ಹೋಗ್ಲಿಕ್ಕೆ ಹೆದರಿಕೆ, ಮೂತ್ರಕ್ಕೆ ಹೋಗ್ಲಿಕ್ಕೂ ಹೆದರಿಕೆ. ಉರಿಮೂತ್ರ ಅಂತ ಒಂದು ಕಡೆ ಮೂರು ಸಲ ಆಂಟಿಬಯೋಟಿಕ್ ಕೊಟ್ಟರು. ಒಬ್ಬರೂ ಪರೀಕ್ಷೆ ಮಾಡಿ ನೋಡ್ಲಿಲ್ಲ. ಕೊನೆಗೆ ಸರಿಯಾದದ್ದು ಒಳಗೆ ಹಚ್ಚುವ ಎಸ್ಟ್ರಿಯೋಲ್ ಕ್ರೀಮಿನಿಂದ (ಅದೂ ಒಂದು ಬಗೆಯ ಈಸ್ಟ್ರೋಜನ್ನೇ), ಮೊದಲು ಎರಡು ವಾರ ದಿನಾ, ಈಗ ವಾರಕ್ಕೆ ಎರಡು ಸಲ. ಅದು ಹಚ್ಚಿದಲ್ಲಿ ಮಾತ್ರ ಕೆಲಸ ಮಾಡ್ತದೆ, ರಕ್ತಕ್ಕೆ ಹೋಗುದು ತೀರಾ ಕಮ್ಮಿ. ಮೈಬಿಸಿಗೆ ಅದು ನಾಟುದಿಲ್ಲ. ಮೈಬಿಸಿ ಇಲ್ಲದೆ ಈ ಕಷ್ಟ ಮಾತ್ರ ಇದ್ದವರು ಅದೊಂದನ್ನೇ ಕೇಳಿ.

ಪಡುಬಿದ್ರೆ ಕಡಲು:

ನಂಗೆ ಸ್ತನ ಕ್ಯಾನ್ಸರ್ ಆಗಿ ಆಪರೇಷನ್ ಆಗಿದೆ, ಕ್ಯಾನ್ಸರ್ ಮರಳದ ಹಾಗೆ ಕೊಡುವ ಟ್ಯಾಮಾಕ್ಸಿಫೆನ್ ಮಾತ್ರೆ ನಡೀತಾ ಉಂಟು. ಇದನ್ನು ಓದುವ ನನ್ನಂಥವರಿಗಾಗಿ ಬರೀತಿದ್ದೇನೆ. ನಮಗೆ ಹಾರ್ಮೋನ್ ಆಗುದಿಲ್ಲ. ಕಾಲಿನಲ್ಲಿ ಹೆಪ್ಪು ಆಗಿದ್ದವರು, ಪಾರ್ಶ್ವವಾಯು, ಹೃದಯಾಘಾತ ಆದವರು, ಲಿವರ್ ಕೆಟ್ಟವರು, ಕಾರಣ ಗೊತ್ತಿಲ್ಲದೆ ರಕ್ತ ಹೋಗ್ತಿರುವವರು, ಇವರೂ ಮೊದಲು ಡಾಕ್ಟರಿಗೆ ಹೇಳದೆ ಮುಟ್ಟಬಾರದು. ಹಾಗಂತ ನಮಗೆ ಮದ್ದೇ ಇಲ್ಲ ಅಂತಲ್ಲ. ನಂಗೆ ವೆನ್ಲಾಫ್ಯಾಕ್ಸಿನ್ ಸಣ್ಣ ಡೋಸ್ ಕೊಟ್ಟಿದ್ದಾರೆ. ಅದು ಮನಸ್ಸಿನ ಮದ್ದು ಅಂತ ಮನೆಯಲ್ಲಿ ಪಿಸುಗುಟ್ಟಿದರು, ಗುಟ್ಟಲಿ. ಬಿಸಿ ಪೂರ್ತಿ ಹೋಗ್ಲಿಲ್ಲ, ರಾತ್ರಿ ಆರು ಸಲ ಏಳ್ತಿದ್ದವಳು ಎರಡು ಸಲ ಏಳ್ತೇನೆ. ಇನ್ನೊಂದು ಮನಸ್ಸಿನ ಮದ್ದು ಪ್ಯಾರಾಕ್ಸೆಟಿನ್ ಟ್ಯಾಮಾಕ್ಸಿಫೆನ್ ಜೊತೆ ಸರಿಬರುದಿಲ್ಲ, ಅದರ ಕೆಲಸವನ್ನೇ ತಡೀತದೆ. ಯಾರಾದ್ರೂ ಬರೆದುಕೊಟ್ಟರೆ ನೆನಪು ಮಾಡಿ.

ಮಲ್ಲಿಗೆಗಿಡ:

ಎಲ್ಲರದ್ದೂ ಎರಡೆರಡು ಸಲ ಓದಿದೆ. ರಾತ್ರಿ ಒಂದೂಮುಕ್ಕಾಲು ಈಗ, ಎಚ್ಚರ ಹೇಗೂ ಉಂಟಲ್ಲ.

ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ನಮ್ಮ ಕಡೆ ಯಾರಿಗೂ ಇರ್ಲಿಲ್ಲ. "ಎಂತಕ್ಕೆ ಕೇಳ್ತಿ" ಅಂತ ಅವರಿಗೆ ಮಂಡೆ ಬಿಸಿ ಆದದ್ದು ಬೇರೆ. 50ರಲ್ಲಿ ಒಬ್ಬರು ಅಂತ ಓದಿ ಎದೆ ಧಸಕ್ಕಂತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಕಾಗದದಲ್ಲಿ ಬರೀ "ಬರಬಹುದು" ಅಂತ ಇತ್ತು. ಎಷ್ಟು ಅಂತ ಗೊತ್ತಾದ್ರೆ ತಕ್ಕಡಿಯಲ್ಲಿ ಇಡಬಹುದಲ್ಲ. ಇನ್ನೊಂದು ತಟ್ಟೆಯಲ್ಲಿ ನನ್ನ ನಿದ್ದೆ ಉಂಟು.

ನಾಳೆ ಬೆಳಿಗ್ಗೆ ಹೂ ಕೊಟ್ಟು ಬಂದು ಸ್ನಾನ ಮಾಡಿ ಶುರು ಮಾಡ್ತೇನೆ. ಗರುಡನ ಹಾಗೆ ನಿಲ್ತೇನೆ ಟೀಚರ್.

ಮಲ್ಲಿಗೆಗಿಡ (ಏಳು ವಾರದ ನಂತರ):

ನಿಮ್ಮ ಹತ್ತಿರ ಕೇಳಿ ಶುರು ಮಾಡಿದವಳು, ಮತ್ತೆ ಏನಾಯ್ತು ಅಂತ ಹೇಳದೆ ಇದ್ರೆ ಸರಿಯಾಗುದಿಲ್ಲ.

ಮೊದಲ ಎರಡು ವಾರ ಸ್ತನದಲ್ಲಿ ನೋವು, ಹೊಟ್ಟೆ ಉಬ್ಬರ, ಬೇರೆ ಏನೂ ಇಲ್ಲ. ದುಡ್ಡು ದಂಡ ಅಂತ ಎಣಿಸಿದೆ. ಹದಿನೆಂಟನೇ ದಿನ ಕಣ್ಣು ಬಿಟ್ಟಾಗ ಹೊರಗೆ ಬೆಳಕು. ಹಾಕ್ಕೊಂಡು ಮಲಗಿದ ನೈಟಿಯೇ ಮೈಮೇಲೆ, ಒಣಗಿದ್ದು. ಅರ್ಧ ಗಂಟೆ ತಡವಾಗಿ ಗಿಡದ ಹತ್ತಿರ ಹೋಗಿದ್ದಕ್ಕೆ ಬೈಗುಳ ಬಿತ್ತು. ಈಗ ಹಗಲಿಗೆ ಎರಡು ಮೂರು ಸಲ ಬಿಸಿ ಬರ್ತದೆ, ಮೊದಲು ಹತ್ತು ದಾಟ್ತಿತ್ತು. ಐದನೇ ವಾರ ಎರಡು ದಿನ ಸ್ವಲ್ಪ ರಕ್ತ ಕಂಡಿತು. ಟೀಚರ್ ಹೇಳಿದ್ದು ನೆನಪಿತ್ತು, ಓಡ್ಲಿಲ್ಲ, ಡಾಕ್ಟರಿಗೆ ಫೋನ್ ಮಾಡಿದೆ. ತಾರೀಕು ಬರೆದಿಟ್ಕೊಳ್ಳಿ ಅಂದರು.

ಎಣಿಕೆ ಪೂರ್ತಿ ಸರಿ ಆಗ್ಲಿಲ್ಲ. ನಿದ್ದೆ ಬಂದ ದಿನ ಸರಿ, ಬಾರದ ದಿನ ಈಗಲೂ ಆರುನೂರರ ಹತ್ತಿರ ಮುಗ್ಗರಿಸ್ತೇನೆ. ಅದಕ್ಕೆ ಅತ್ತೆ ಒಂದು ಉಪಾಯ ಮಾಡಿದರು. ಮಳೆಗಾಲದ ಆಟಿ ತಿಂಗಳಿಗೆ ಮಾತ್ರ ಕೆಳಗಿಳಿಯುವ ಚೆನ್ನೆಮಣೆ ಆಟದ ಗಂಟು ಬಿಚ್ಚಿ, ಎಂಟು ಮಂಜೊಟ್ಟಿ ಬೀಜ ತಂದು ನನ್ನ ಎದುರು ಇಟ್ಟರು. ನೂರಕ್ಕೊಂದು ಬೀಜ ಆಚೆ ಸರಿಸುದು. ಎಂಟೂ ಆಚೆ ಹೋದ್ರೆ ಒಂದು ಚೆಂಡು.

ಬೀಜ ಇಟ್ಟು ಎದ್ದು ಹೋಗ್ಲಿಲ್ಲ, ಅಲ್ಲೇ ಕೂತರು. ನಾರು ಸೀಳ್ತಾ ಹೇಳಿದರು, "ನಂಗೂ ಆಗ್ತಿತ್ತು. ರಾತ್ರಿ ಎದ್ದು ಬಾವಿಕಟ್ಟೆಯಲ್ಲಿ ಕೂತ್ಕೊಳ್ತಿದ್ದೆ, ಕಲ್ಲು ತಣ್ಣಗೆ ಇರ್ತದಲ್ಲ. ಮಾವ ಒಂದು ಸಲ ಕಳ್ಳ ಅಂತ ಟಾರ್ಚ್ ಬಿಟ್ಟರು." ಎಷ್ಟು ವರ್ಷ ಅತ್ತೆ, ಅಂತ ಕೇಳಿದೆ. "ಯಾರು ಲೆಕ್ಕ ಇಟ್ಟದ್ದು" ಅಂದರು. ಜೆಲ್ ಬಗ್ಗೆ ಅವರಿಗೆ ಈಗಲೂ ಸಮಾಧಾನ ಇಲ್ಲ. ಆದ್ರೆ ನಾನು ತೋಳು ಚಾಚಿ ನಿಂತಾಗ ಮೊಮ್ಮಗುವನ್ನು ಆಚೆ ಎತ್ಕೊಂಡು ಹೋಗುದು ಅವರೇ.

ಮಳೆ ಹಿಡಿದಿದೆ, ಹೂ ಕಮ್ಮಿ. ಜೆಲ್ ಮುಗೀತಾ ಬಂತು, ನಮ್ಮಲ್ಲಿಯ ಮೆಡಿಕಲ್‌ನಲ್ಲಿ ತರಿಸ್ಬೇಕು, ನಾಲ್ಕು ದಿನ ಅಂತಾರೆ. ಉಡುಪಿ ಬಸ್‌ಸ್ಟ್ಯಾಂಡ್ ಹತ್ತಿರ ಯಾವಾಗಲೂ ಸ್ಟಾಕ್ ಇರುವ ಕಡೆ ಯಾರಿಗಾದ್ರೂ ಗೊತ್ತುಂಟಾ? ಗುರುವಾರ ಹೇಗೂ ಪೇಟೆಗೆ ಹೋಗ್ಲಿಕ್ಕುಂಟು.